ಪಹಣಿ ಮತ್ತು ಪ್ರಮಾಣಪತ್ರಗಳಲ್ಲಿ ಕಂಡುಬರುವ ಮುದ್ರಣ ದೋಷಗಳು: ಅರ್ಜಿದಾರರಿಗೆ ಮಾಹಿತಿ

1. ಹಿನ್ನೆಲೆ

ಕರ್ನಾಟಕದಲ್ಲಿ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಣಗೊಳಿಸಲಾಯಿತು. 2000ದ ದಶಕದ ಆರಂಭದಿಂದ ಕೈಬರಹದ ಪಹಣಿಯ ಬದಲಾಗಿ ಗಣಕಯಂತ್ರದಿಂದ ಮುದ್ರಿತವಾದ ಪಹಣಿಯನ್ನು ವಿತರಿಸಲಾಗುತ್ತಿದೆ. 2012ರಿಂದ ಹೋಬಳಿ ಮಟ್ಟದ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳ ಮೂಲಕ ಜಾತಿ, ಆದಾಯ, ವಾಸಸ್ಥಳ ಮುಂತಾದ ಪ್ರಮಾಣಪತ್ರಗಳನ್ನೂ ಇದೇ ರೀತಿಯಲ್ಲಿ ನೀಡಲಾಗುತ್ತಿದೆ. ಹೀಗಾಗಿ ಕ್ಯಾಸನೂರು ಸೇರಿದಂತೆ ಸೊರಬ ಮತ್ತು ಶಿಕಾರಿಪುರ ಭಾಗದ ಗ್ರಾಮಗಳ ರೈತರ ಕೈಗೆ ಬರುವ ದಾಖಲೆಯ ಸ್ಪಷ್ಟತೆಯು ಕಚೇರಿಯ ಮುದ್ರಣ ಯಂತ್ರದ ಸ್ಥಿತಿಯನ್ನೂ ಅವಲಂಬಿಸಿರುತ್ತದೆ.

ಮಸುಕಾದ ಅಥವಾ ಅಕ್ಷರ ಬಿಟ್ಟುಹೋದ ಪ್ರತಿಯನ್ನು ಬ್ಯಾಂಕು, ಸಹಕಾರ ಸಂಘ ಅಥವಾ ನ್ಯಾಯಾಲಯವು ಹಿಂತಿರುಗಿಸಬಹುದು. ಆಗ ಅರ್ಜಿದಾರರು ತಮ್ಮ ದಾಖಲೆಯೇ ತಪ್ಪಾಗಿದೆ ಎಂದು ಭಾವಿಸಿ, ಅಗತ್ಯವಿಲ್ಲದ ತಿದ್ದುಪಡಿ ಅರ್ಜಿ ಸಲ್ಲಿಸುವ ಸಾಧ್ಯತೆ ಇರುತ್ತದೆ. ಇದನ್ನು ತಪ್ಪಿಸುವ ಸಲುವಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಮುದ್ರಣ ದೋಷ ಮತ್ತು ದಾಖಲೆ ದೋಷ

ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 133ರ ಪ್ರಕಾರ ಹಕ್ಕು ದಾಖಲೆಯಲ್ಲಿನ ನಮೂದನ್ನು, ಅದಕ್ಕೆ ವಿರುದ್ಧವಾದುದು ರುಜುವಾತಾಗುವವರೆಗೆ ಅಥವಾ ಕಾನೂನು ರೀತ್ಯಾ ಹೊಸ ನಮೂದು ಆಗುವವರೆಗೆ, ಸತ್ಯವೆಂದು ಭಾವಿಸತಕ್ಕದ್ದಾಗಿದೆ. ಈ ಭಾವನೆಯು ದಾಖಲೆಯಲ್ಲಿರುವ ನಮೂದಿಗೆ ಸಂಬಂಧಿಸಿದ್ದೇ ಹೊರತು ಕಾಗದದ ಮೇಲಿನ ಮಸಿಗೆ ಸಂಬಂಧಿಸಿದ್ದಲ್ಲ. ಮುದ್ರಣ ಕೆಟ್ಟ ಮಾತ್ರಕ್ಕೆ ದಾಖಲೆ ಕೆಡುವುದಿಲ್ಲ. ಅದೇ ರೀತಿ, ಮುದ್ರಣ ಅಚ್ಚುಕಟ್ಟಾಗಿದ್ದ ಮಾತ್ರಕ್ಕೆ ನಮೂದು ಸರಿಯಾಗಿದೆ ಎಂದೂ ಅರ್ಥವಲ್ಲ.

ಇವೆರಡನ್ನು ಬೇರ್ಪಡಿಸಲು ಮೂರು ಸುಲಭ ವಿಧಾನಗಳಿವೆ.

ಅ) ದೋಷವು ಪಹಣಿಯ ಗೆರೆ, ಶೀರ್ಷಿಕೆ ಹಾಗೂ ಅಂಕಣಗಳನ್ನು ಲೆಕ್ಕಿಸದೆ ಹಾದುಹೋಗಿದ್ದರೆ ಅದು ಮುದ್ರಣ ದೋಷ. ಸುತ್ತಲಿನ ಎಲ್ಲ ಅಕ್ಷರಗಳು ಸ್ಪಷ್ಟವಾಗಿದ್ದು ಒಂದು ಹೆಸರು ಅಥವಾ ಅಂಕಿ ಮಾತ್ರ ತಪ್ಪಾಗಿದ್ದರೆ ಅದು ದಾಖಲೆ ದೋಷವಾಗಿರುವ ಸಂಭವ ಹೆಚ್ಚು.

ಆ) ಗಣಕಯಂತ್ರದ ಪರದೆಯಲ್ಲಿರುವುದನ್ನು ಮುದ್ರಿತ ಪ್ರತಿಯೊಂದಿಗೆ ಹೋಲಿಸತಕ್ಕದ್ದು. ಭೂಮಿ ಕೇಂದ್ರಗಳಲ್ಲಿ ಸಾರ್ವಜನಿಕರತ್ತ ಮುಖಮಾಡಿದ ಎರಡನೇ ಪರದೆಯನ್ನು ಇರಿಸುವ ಪದ್ಧತಿಯು ನಮೂದುಗಳನ್ನು ಅರ್ಜಿದಾರರೇ ನೋಡಿಕೊಳ್ಳಲೆಂದು ಬಂದುದಾಗಿದೆ. ಭೂದಾಖಲೆಗಳ ಜಾಲತಾಣದಲ್ಲಿಯೂ ಪಹಣಿಯನ್ನು ವೀಕ್ಷಿಸಬಹುದು.

ಇ) ಬೇರೆ ಯಂತ್ರದಲ್ಲಿ ಮುದ್ರಿಸಿದಾಗಲೂ ಅದೇ ತಪ್ಪು ಅದೇ ನಮೂದಿನಲ್ಲಿ ಉಳಿದರೆ ಅದು ದಾಖಲೆಯಲ್ಲಿಯೇ ಇದೆ ಎಂದು ತಿಳಿಯಬಹುದು.

ಮುದ್ರಣ ದೋಷಕ್ಕೆ ಮರುಮುದ್ರಣವೇ ಪರಿಹಾರ. ದಾಖಲೆ ದೋಷವಿದ್ದಲ್ಲಿ ಆಧಾರ ದಾಖಲೆಗಳೊಂದಿಗೆ ತಹಶೀಲ್ದಾರರ ಕಚೇರಿಗೆ ತಿದ್ದುಪಡಿ ಅರ್ಜಿ ಸಲ್ಲಿಸಬೇಕಾಗುತ್ತದೆ. ಅದರಲ್ಲಿ ನೋಟಿಸು, ಆಕ್ಷೇಪಣೆ, ವಿಚಾರಣೆಯ ಹಂತಗಳು ಬರಬಹುದಾದ್ದರಿಂದ ಕಾಲಾವಕಾಶ ಬೇಕಾಗುತ್ತದೆ.

3. ಕೌಂಟರ್ ಬಿಡುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಕನ್ನಡ ಲಿಪಿಯಲ್ಲಿ ಅಲ್ಪ ಗುರುತೊಂದು ಅಳಿಸಿದರೂ ಅರ್ಥ ಬದಲಾಗುತ್ತದೆ. ಅಕ್ಷರದ ಕೆಳಗಿನ ಸಣ್ಣ ಗೀಟು ಮೂಡದಿದ್ದರೆ ‘ಭ’ಕಾರವು ‘ಬ’ಕಾರವಾಗಿ, ‘ಧ’ಕಾರವು ‘ದ’ಕಾರವಾಗಿ ಕಾಣುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ ಬರುವುದರಿಂದ ಅವು ಮಾಸಿದರೆ ‘ಮಲ್ಲಪ್ಪ’ ಎಂಬ ಹೆಸರು ‘ಮಲಪ’ ಎಂದಾಗುತ್ತದೆ. ಅಂಕಿಗಳಲ್ಲಿ 3 ಮತ್ತು 8, 6 ಮತ್ತು 8, 1 ಮತ್ತು 7 ಪರಸ್ಪರ ಅದಲುಬದಲಾಗಿ ಓದಲ್ಪಡುವುದು ಸಾಮಾನ್ಯ. ಆದ್ದರಿಂದ ಈ ಕೆಳಕಂಡವುಗಳನ್ನು ಓದಿ ನೋಡತಕ್ಕದ್ದು.

• ಸರ್ವೆ ನಂಬರು ಮತ್ತು ಹಿಸ್ಸಾ ಸಂಖ್ಯೆ.
• ವಿಸ್ತೀರ್ಣ. 40 ಗುಂಟೆಗೆ 1 ಎಕರೆ, 16 ಆಣೆಗೆ 1 ಗುಂಟೆ. ಇವುಗಳ ನಡುವಿನ ಚುಕ್ಕೆ ಅಥವಾ ಅಡ್ಡಗೆರೆ ಮೂಡಿದೆಯೇ ಎಂಬುದು ಮುಖ್ಯ.
• 9ನೇ ಅಂಕಣದಲ್ಲಿನ ಸ್ವಾಧೀನದಾರರ ಹೆಸರು ಮತ್ತು 11ನೇ ಅಂಕಣದಲ್ಲಿನ ಇತರ ಹಕ್ಕುಗಳು ಹಾಗೂ ಋಣಗಳು. ತೀರಿಸಿದ ಸಾಲವು ಇನ್ನೂ ನಮೂದಿನಲ್ಲಿದ್ದರೆ ಅದು ದಾಖಲೆಗೆ ಸಂಬಂಧಿಸಿದ ವಿಷಯವೇ ಹೊರತು ಮುದ್ರಣಕ್ಕೆ ಸಂಬಂಧಿಸಿದ್ದಲ್ಲ.
• ಪ್ರಮಾಣಪತ್ರಗಳಲ್ಲಿ ಆರ್‌ಡಿ ಸಂಖ್ಯೆ. ಈ ಸಂಖ್ಯೆ ಓದಲು ಬಾರದಿದ್ದರೆ ಸ್ವೀಕರಿಸುವ ಕಚೇರಿಯು ಜಾಲತಾಣದಲ್ಲಿ ನೈಜತೆಯನ್ನು ಪರಿಶೀಲಿಸಲಾಗುವುದಿಲ್ಲ.

4. ದೋಷಗಳ ಲಕ್ಷಣ ಮತ್ತು ಕಾರಣ

ಲೇಸರ್ ಮುದ್ರಣ ಯಂತ್ರದಲ್ಲಿ ಬೆಳಕಿನ ಕಿರಣವು ಡ್ರಮ್ಮಿನ ಮೇಲೆ ಅಕ್ಷರದ ರೂಪವನ್ನು ವಿದ್ಯುದಂಶವಾಗಿ ಮೂಡಿಸುತ್ತದೆ. ಟೋನರ್ ಎಂಬ ಪುಡಿ ಅದಕ್ಕೆ ಅಂಟಿ ಕಾಗದಕ್ಕೆ ವರ್ಗಾವಣೆಯಾಗುತ್ತದೆ. ಕೊನೆಯಲ್ಲಿ ಕಾಯಿಸಿದ ಉರುಳೆಯು ಪುಡಿಯನ್ನು ಕರಗಿಸಿ ಕಾಗದದಲ್ಲಿ ಭದ್ರಪಡಿಸುತ್ತದೆ. ಯಾವ ಹಂತದಲ್ಲಿ ತೊಂದರೆ ಇದೆ ಎಂಬುದನ್ನು ಪ್ರತಿಯೇ ತಿಳಿಸುತ್ತದೆ.

ಮೇಲಿನಿಂದ ಕೆಳಗಿನವರೆಗೆ ಬಿಳಿ ಪಟ್ಟಿ: ಟೋನರ್ ಮುಗಿಯುತ್ತಿದೆ ಅಥವಾ ಕಿರಣದ ಹಾದಿಯಲ್ಲಿ ಧೂಳು ಸೇರಿದೆ.

ಸಮಾನ ಅಂತರದಲ್ಲಿ ಮರುಕಳಿಸುವ ಕಲೆ: ಡ್ರಮ್ಮಿಗೆ ಅಥವಾ ಯಾವುದಾದರೂ ಉರುಳೆಗೆ ಗಾಯವಾಗಿದೆ. ಉರುಳೆಯ ಸುತ್ತಳತೆ ಎಷ್ಟೋ ಕಲೆಗಳ ಅಂತರ ಅಷ್ಟಿರುತ್ತದೆ.

ಬೆರಳಿನಿಂದ ಉಜ್ಜಿದರೆ ಅಕ್ಷರ ಅಳಿಸುವುದು: ಉರುಳೆ ಸಾಕಷ್ಟು ಕಾದಿಲ್ಲ ಅಥವಾ ಕಾಗದ ತೇವಗೊಂಡಿದೆ. ಇಂತಹ ಪ್ರತಿಯು ನೋಡಲು ಕಪ್ಪಾಗಿದ್ದರೂ ಮಡಿಸಿದ ಜಾಗದಲ್ಲಿ ಉದುರುವುದರಿಂದ ಅದನ್ನು ಸ್ವೀಕರಿಸಬಾರದು.

ಪ್ರತಿ ಸಾಲಿನಲ್ಲೂ ಒಂದೇ ಎತ್ತರದಲ್ಲಿ ಸಣ್ಣ ಬಿಳಿ ಗೆರೆ: ರಿಬ್ಬನ್ ಬಳಸುವ ಚುಕ್ಕಿ ಮುದ್ರಣ ಯಂತ್ರದಲ್ಲಿ ಸೂಜಿಯೊಂದು ಕೆಲಸ ಮಾಡುತ್ತಿಲ್ಲ. ಹೊಸ ರಿಬ್ಬನ್ ಹಾಕಿದರೂ ಇದು ಸರಿಹೋಗುವುದಿಲ್ಲ.

5. ಮಳೆಗಾಲದ ತೊಂದರೆ

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದವು ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುತ್ತದೆ. ತೇವಗೊಂಡ ಹಾಳೆಗೆ ಟೋನರ್ ಸರಿಯಾಗಿ ವರ್ಗಾವಣೆಯಾಗುವುದಿಲ್ಲ. ಬಿಸಿ ಉರುಳೆಯನ್ನು ದಾಟುವಾಗ ಹಾಳೆ ಸುರುಳಿಯಾಗುತ್ತದೆ. ಎರಡು ಮೂರು ಹಾಳೆಗಳು ಒಟ್ಟಿಗೆ ಎಳೆಯಲ್ಪಟ್ಟು ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತವೆ. ಬೆಳೆ ಸಾಲ ಮತ್ತು ಬೆಳೆ ವಿಮೆಗಾಗಿ ಪಹಣಿಯ ಬೇಡಿಕೆ ಹೆಚ್ಚುವುದು ಇದೇ ಮುಂಗಾರಿನಲ್ಲಿ. ಕಾಗದದ ಕಟ್ಟನ್ನು ಅಗತ್ಯವಿದ್ದಾಗ ಮಾತ್ರ ಒಡೆದು, ಉಳಿದುದನ್ನು ಹೊದಿಕೆಯಲ್ಲಿಯೇ ನೆಲದಿಂದ ಮೇಲೆ ಇರಿಸಿದರೆ ಈ ತೊಂದರೆ ಬಹಳಮಟ್ಟಿಗೆ ನಿವಾರಣೆಯಾಗುತ್ತದೆ. ಅಂತರ್ಜಾಲದ ಮೂಲಕ ಪಡೆದ ಪಹಣಿಯನ್ನು ಸ್ವಂತ ಯಂತ್ರದಲ್ಲಿ ಅಥವಾ ಸೈಬರ್ ಕೇಂದ್ರದಲ್ಲಿ ಮುದ್ರಿಸುವವರಿಗೂ ಇದು ಅನ್ವಯಿಸುತ್ತದೆ. ಅವರು ಮೂಲ ಕಡತದಿಂದಲೇ ಮುದ್ರಿಸತಕ್ಕದ್ದು. ಮೊಬೈಲ್ ಪರದೆಯ ಚಿತ್ರ ತೆಗೆದು ಮುದ್ರಿಸಿದರೆ ಸಣ್ಣ ಅಕ್ಷರಗಳು ಸ್ಪಷ್ಟವಾಗಿ ಮೂಡುವುದಿಲ್ಲ.

6. ಅರ್ಜಿದಾರರು ಗಮನಿಸಬೇಕಾದ ಎಚ್ಚರಿಕೆಗಳು

ಮಾಸಿದ ಅಕ್ಷರ ಅಥವಾ ಅಂಕಿಯ ಮೇಲೆ ಪೆನ್ನಿನಿಂದ ತಿದ್ದಬಾರದು. ತಿದ್ದಿದ್ದು ಸರಿಯಾದ ಅಂಕಿಯೇ ಆಗಿದ್ದರೂ ಪ್ರತಿಯು ಸಂಶಯಕ್ಕೆ ಒಳಗಾಗುತ್ತದೆ. ದುರುದ್ದೇಶದಿಂದ ತಿದ್ದಿದ್ದಲ್ಲಿ ಅದು ಅಪರಾಧವಾಗುತ್ತದೆ.

ಮುದ್ರಿತ ಪ್ರತಿಯನ್ನು ಮೃದುವಾದ ಪಿವಿಸಿ ಹೊದಿಕೆಯಲ್ಲಿ ಬಹುಕಾಲ ಇರಿಸಿದರೆ ಟೋನರ್ ಹೊದಿಕೆಗೆ ಅಂಟಿ ಅಕ್ಷರಗಳು ಕಿತ್ತುಬರುತ್ತವೆ. ಕಾಗದದ ಲಕೋಟೆಯೇ ಉತ್ತಮ.

ನಯವಾದ ಉಷ್ಣ ಕಾಗದದಲ್ಲಿ ಮುದ್ರಿತವಾದ ರಸೀದಿಗಳು ಬಿಸಿಲು ಮತ್ತು ಶಾಖಕ್ಕೆ ಬಿಳಿಚಿಕೊಳ್ಳುತ್ತವೆ ಅಥವಾ ಕಪ್ಪಾಗುತ್ತವೆ. ಸಕಾಲ ಸೇವೆಗಳ ಸ್ವೀಕೃತಿಯಲ್ಲಿರುವ ಜಿಎಸ್‌ಸಿ ಸಂಖ್ಯೆಯನ್ನು ಅಂದೇ ಬೇರೆಡೆ ಬರೆದಿಟ್ಟುಕೊಳ್ಳತಕ್ಕದ್ದು. ಅರ್ಜಿಯ ಸ್ಥಿತಿಗತಿ ತಿಳಿಯಲು ಹಾಗೂ ವಿಳಂಬವಾದಲ್ಲಿ ಮೇಲ್ಮನವಿ ಸಲ್ಲಿಸಲು ಸದರಿ ಸಂಖ್ಯೆ ಅವಶ್ಯವಾಗಿರುತ್ತದೆ.

ಪ್ರತಿಯಲ್ಲಿ ದೋಷ ಕಂಡುಬಂದಲ್ಲಿ ಕೌಂಟರ್‌ನಲ್ಲಿಯೇ ಸಿಬ್ಬಂದಿಗೆ ತೋರಿಸಿ ಸ್ಪಷ್ಟವಾದ ಪ್ರತಿಯನ್ನು ಕೇಳುವುದು ಸೂಕ್ತ. ದೂರದ ಗ್ರಾಮಗಳಿಂದ ಒಂದು ದಿನದ ಕೂಲಿಯನ್ನು ಬಿಟ್ಟು ಬರುವವರಿಗೆ, ಎರಡು ನಿಮಿಷದ ಈ ಪರಿಶೀಲನೆಯಿಂದ ಮತ್ತೊಂದು ದಿನದ ಪ್ರಯಾಣ ಉಳಿಯುತ್ತದೆ. ಓದಲು ತೊಂದರೆ ಇರುವವರು ಸಿಬ್ಬಂದಿಯಿಂದಲೇ ಓದಿಸಿ ಕೇಳಿಕೊಳ್ಳುವಂತೆ ಕೋರಲಾಗಿದೆ.