ಹೆಸರಿನ ಮರೆಯ ಹೊತ್ತಗೆಗಳು: ಬರೋಕ್ ಯುಗದ ಜರ್ಮನ್ ಪಾದ್ರಿಗಳ ಬರಹಗಳು ಮತ್ತು ಕನ್ನಡ ಸಂಶೋಧನೆ

ಹಳೆಯ ಗ್ರಂಥಾಲಯವೊಂದರಲ್ಲಿ ಮಹತ್ವದ ಹಸ್ತಪ್ರತಿ ಪತ್ತೆಯಾಯಿತೆಂದು ಹೇಳುವಾಗ ಆ ಕೃತಿ ಅದುವರೆಗೆ ಕಳೆದುಹೋಗಿತ್ತೆಂಬ ಭಾವನೆ ಸಹಜವಾಗಿ ಮೂಡುತ್ತದೆ. ಆದರೆ ಅನೇಕ ಸಂದರ್ಭಗಳಲ್ಲಿ ಕೃತಿ ಕಪಾಟಿನಲ್ಲಿಯೇ ಇರುತ್ತದೆ. ಸೂಚಿಯಲ್ಲಿ ಅದಕ್ಕಿರುವ ಹೆಸರು ಮಾತ್ರ ಹುಡುಕುವವರ ಮನಸ್ಸಿನಲ್ಲಿರುವ ಹೆಸರಾಗಿರುವುದಿಲ್ಲ. ಯುರೋಪಿನ ಸಾಹಿತ್ಯ ಚರಿತ್ರೆಯಲ್ಲಿ ಬರೋಕ್ ಎನಿಸಿಕೊಂಡ 17ನೆಯ ಶತಮಾನ ಹಾಗೂ ಅದರ ಬೆನ್ನಿಗೆ ಬಂದ ದಶಕಗಳಲ್ಲಿ ದಕ್ಷಿಣ ಭಾರತದಲ್ಲಿ ನೆಲಸಿದ ಜರ್ಮನ್ ಪಾದ್ರಿಗಳ ಬರಹಗಳು ಈ ಮಾತಿಗೆ ನಿದರ್ಶನಗಳಾಗಿವೆ. ಅವು ಕನ್ನಡ ಕೃತಿಗಳಲ್ಲ. ಆದರೆ ಅವು ಮರೆಯಾದ ಬಗೆಯನ್ನು ಅರಿಯದೆ ಆ ಕಾಲದ ಸೂಚಿಗಳಲ್ಲಿ ಕನ್ನಡವನ್ನು ಹುಡುಕುವುದು ಕಷ್ಟ.

1706ರಲ್ಲಿ ತರಂಗಂಬಾಡಿಗೆ ಬಂದ ಸೀಗನ್‌ಬಾಲ್ಗ್ ತಾನು ಸಂಗ್ರಹಿಸಿದ ಗ್ರಂಥಗಳಿಗೆ 1708ರಲ್ಲಿ ಸಿದ್ಧಪಡಿಸಿದ ವಿವರಣಾತ್ಮಕ ಸೂಚಿಯ ಹೆಸರು ‘ಬಿಬ್ಲಿಯೊಥೆಕಾ ಮಲಬಾರಿಕಾ’. ಇದು ಮಲಯಾಳಕ್ಕೆ ಸಂಬಂಧಿಸಿದ್ದಲ್ಲ. ಅಂದಿನ ಯುರೋಪಿಯನ್ನರ ಬಳಕೆಯಲ್ಲಿ ‘ಮಲಬಾರಿ’ ಎಂದರೆ ಬಹುಮಟ್ಟಿಗೆ ತಮಿಳು. ಆತ 1713ರಲ್ಲಿ ಪೂರೈಸಿದ ‘ಮಲಬಾರಿ ದೇವತೆಗಳ ವಂಶಾವಳಿ’ ತಮಿಳುನಾಡಿನ ದೇವತೆಗಳನ್ನು ಕುರಿತದ್ದು. ವಿಗ್ರಹಾರಾಧನೆಯನ್ನು ಅಳಿಸಲು ಹೋದವನು ಅದರ ವಿವರಗಳನ್ನು ಯುರೋಪಿನಲ್ಲಿ ಹರಡುವುದೇ ಎಂದು ಹಾಲೆಯಲ್ಲಿದ್ದ ಹಿರಿಯರು ಆಕ್ಷೇಪಿಸಿದರು. ಕೃತಿ ಅಚ್ಚಾದದ್ದು 1867ರಲ್ಲಿ, ಮದರಾಸಿನಲ್ಲಿ.

ಇದಕ್ಕಿಂತ ಕುತೂಹಲಕರವಾದುದು ಯೋಹಾನ್ ಅರ್ನ್ಸ್ಟ್ ಹಾಂಕ್ಸ್‌ಲೇಡನ್ (1681-1732) ಬರೆದ ಸಂಸ್ಕೃತ ವ್ಯಾಕರಣದ ಪ್ರಸಂಗ. ಕೇರಳದಲ್ಲಿ ಅರ್ಣೋಸ್ ಪಾದಿರಿ ಎಂದೇ ಹೆಸರಾದ ಈತನ ಮಲಯಾಳ ಕಾವ್ಯ ‘ಪುತ್ತನ್ ಪಾನ’ವನ್ನು ಅಲ್ಲಿಯ ಕ್ರೈಸ್ತರ ಮನೆಗಳಲ್ಲಿ ಇಂದಿಗೂ ಹಾಡುವುದುಂಟು. ಕವಿಯನ್ನು ಜನ ಮರೆಯಲಿಲ್ಲ. ವೈಯಾಕರಣ ಮಾತ್ರ ಮರೆಯಾದ. ಆತನ ವ್ಯಾಕರಣವನ್ನು ಪೌಲಿನುಸ್ ಎಂಬ ಕಾರ್ಮೆಲ್ ಸಭೆಯ ಪಾದ್ರಿ ರೋಮಿಗೆ ಒಯ್ದು, ತನ್ನ ಕೃತಿಗೆ ಬಳಸಿಕೊಂಡು 1790ರಲ್ಲಿ ಪ್ರಕಟಿಸಿದ. ಯುರೋಪಿನಲ್ಲಿ ಅಚ್ಚಾದ ಮೊದಲ ಸಂಸ್ಕೃತ ವ್ಯಾಕರಣವೆಂಬ ಕೀರ್ತಿ ಪೌಲಿನುಸನ ಕೃತಿಗೆ ಸಂದಿತು. ಮೂಲ ಹಸ್ತಪ್ರತಿ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 2010ರಲ್ಲಿ. ರೋಮಿನ ಸಮೀಪದ ಮೋಂತೆಕೊಂಪಾತ್ರಿಯ ಕಾರ್ಮೆಲ್ ಮಠದ ಗ್ರಂಥಾಲಯದಲ್ಲಿ ಬೆಲ್ಜಿಯಂನ ಟೂನ್ ವಾನ್ ಹಾಲ್ ಅದನ್ನು ಗುರುತಿಸಿದರು. 2013ರಲ್ಲಿ ಅದು ಪ್ರಕಟವಾಯಿತು. ಅದರ ಹೆಸರು ‘ಗ್ರಮ್ಮಾಟಿಕಾ ಗ್ರಂಡೋನಿಕಾ’. ‘ಗ್ರಂಡೋನಿಕಾ’ ಎಂಬುದರ ಮೂಲ ‘ಗ್ರಂಥ’. ಲಿಪಿಯ ಹೆಸರೇ ಭಾಷೆಗೂ ಅಂಟಿಕೊಂಡಿದೆ. ‘ಸಂಸ್ಕೃತ’ ಎಂಬ ಪದವನ್ನೇ ನೆಚ್ಚಿ ಸೂಚಿಯನ್ನು ತಿರುವುವವರಿಗೆ ಇಂಥ ಶೀರ್ಷಿಕೆ ಏನನ್ನು ಹೇಳೀತು?

ಬೆಂಜಮಿನ್ ಶುಲ್ಟ್ಸೆ (1689-1760) ತೆಲುಗು ವ್ಯಾಕರಣವನ್ನು 1728ರಲ್ಲಿಯೇ ಬರೆದಿದ್ದರೂ ಅದು ಹಾಲೆಯಲ್ಲಿ ಪ್ರಕಟವಾದದ್ದು 1984ರಲ್ಲಿ. ಆತ ತೆಲುಗನ್ನು ‘ವಾರುಗಿಕಾ’ ಎಂದೂ ಕರೆದಿದ್ದಾನೆ. ಇದು ತಮಿಳಿನ ‘ವಡುಗು’. ನಮ್ಮ ‘ಬಡಗು’ವಿನ ಸಹೋದರ ಪದ. ಫ್ರಾನ್ಸಿಸ್ ಝೇವಿಯರನ 1544ರ ಪತ್ರಗಳಲ್ಲಿ ಬರುವ ‘ಬಡಗ’ರು ವಿಜಯನಗರದ ಕಡೆಯ ದಂಡಿನವರು, ನೀಲಗಿರಿಯ ಬಡಗರಾದರೋ ಕನ್ನಡಕ್ಕೆ ತೀರ ಹತ್ತಿರದ ನುಡಿಯನ್ನಾಡುವವರು. ಒಂದೇ ದಿಕ್ಕಿನ ಹೆಸರು ಮೂರು ಕಡೆ ಮೂರು ಅರ್ಥ ಪಡೆದಿದೆ. ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಬಳಸುವ ಮುಳಬಾಗಿಲು ತಾಲ್ಲೂಕಿನ ಬೈರಕೂರಿನಂಥ ಗಡಿಯೂರುಗಳ ಅಧ್ಯಯನಕಾರರಿಗೆ ಈ ಗೊಂದಲ ಅಪರಿಚಿತವೇನಲ್ಲ.

ಕನ್ನಡಕ್ಕೆ ನೇರವಾಗಿ ತಟ್ಟುವ ಹೆಸರು ‘ಕನಾರಿಂ’. 1640ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದ, ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸನ ‘ಕನಾರಿಂ’ ಭಾಷೆಯ ವ್ಯಾಕರಣ ಕೊಂಕಣಿಯದು, ಕನ್ನಡದ್ದಲ್ಲ. ಶೀರ್ಷಿಕೆಯನ್ನಷ್ಟೇ ನಂಬಿದರೆ ನಮ್ಮದಲ್ಲದ ವ್ಯಾಕರಣವೊಂದು ನಮ್ಮ ಚರಿತ್ರೆಯೊಳಗೆ ಬರುತ್ತದೆ. ನಮ್ಮದಾದುದು ಇನ್ನೊಂದು ಹೆಸರಿನಡಿ ಉಳಿದುಬಿಡಬಹುದು. ಎರಡನೆಯ ಅಪಾಯವೇ ಹೆಚ್ಚು ಗಂಭೀರವಾದುದೆಂದು ನನ್ನ ಅಭಿಪ್ರಾಯ.

ಈ ಮರೆವು ಹಳೆಯ ಲ್ಯಾಟಿನ್ ಹೆಸರುಗಳಿಗಷ್ಟೇ ಸೀಮಿತವಲ್ಲ. ಕಿಟೆಲ್ 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ನಿರೂಪಿಸುತ್ತದೆ. ನಾಗವರ್ಮನ ಛಂದೋಗ್ರಂಥವನ್ನು 1875ರಲ್ಲಿ ಸಂಪಾದಿಸಿದ ವಿದ್ವಾಂಸ ಅದಕ್ಕೆ ಹದಿಮೂರು ವರ್ಷ ಮೊದಲೇ ಛಂದಸ್ಸನ್ನು ಸ್ವತಃ ಪ್ರಯೋಗಿಸಿ ನೋಡಿದ್ದನೆಂಬುದಕ್ಕೆ ಇದು ಸಾಕ್ಷಿ. ಆದರೆ ಡ್ಯೂಯಿ ವರ್ಗೀಕರಣದಲ್ಲಿ ಇಂಥ ಕೃತಿಯನ್ನು ಕ್ರಿಸ್ತನಿಗೆ ಮೀಸಲಾದ 232ರಲ್ಲಿ ಇರಿಸಿದರೆ, ಕನ್ನಡ ಸಾಹಿತ್ಯದ 894.814ರಲ್ಲಿ ಹುಡುಕುವ ಛಂದಸ್ಸಿನ ವಿದ್ಯಾರ್ಥಿಗೆ ಅದು ಸಿಗುವುದಿಲ್ಲ. ಗ್ರಂಥಪಾಲಕರನ್ನು ದೂರುವಂತಿಲ್ಲ, ವಿಷಯದ ದೃಷ್ಟಿಯಿಂದ ಅವರ ನಿರ್ಣಯ ಸರಿಯೇ.

17ನೆಯ ಶತಮಾನದ ಮಧ್ಯಭಾಗದಲ್ಲಿ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕನ್ನಡ ವ್ಯಾಕರಣವನ್ನೂ ಶಬ್ದಸಂಗ್ರಹವನ್ನೂ ರಚಿಸಿದನೆಂದು ಯೇಸುಸಭೆಯ ಚರಿತ್ರೆಗಳು ತಿಳಿಸುತ್ತವೆ. ಇಂಥ ಬರಹಗಳನ್ನು ಅರಸುವವರು ರೋಮ್, ಲಿಸ್ಬನ್, ಗೋವೆಗಳ ಸೂಚಿಗಳಲ್ಲಿ ‘ಕನಾರಿಂ’ ಎಂಬ ನಮೂದನ್ನು ಕಂಡಾಗ ಸಂಭ್ರಮಿಸುವ ಮೊದಲು, ‘ಮಲಬಾರಿ’, ‘ಬಡಗ’ ಎಂಬ ನಮೂದುಗಳನ್ನು ಕಂಡಾಗ ದಾಟಿಹೋಗುವ ಮೊದಲು, ಹಾಳೆಯನ್ನೇ ತೆರೆದು ನೋಡಬೇಕಾಗುತ್ತದೆ. ರೋಮನ್ ಲಿಪಿಯಲ್ಲಿ ಬರೆದಿದ್ದರೂ ನಿಷೇಧಾರ್ಥದಲ್ಲಿ ‘ಇಲ್ಲ’ ಬರುತ್ತದೆಯೋ ‘ನಾ’ ಬರುತ್ತದೆಯೋ, ‘ಉಂಟು’ ಇದೆಯೋ ‘ಆಸಾ’ ಇದೆಯೋ ಎಂಬುದರಿಂದ ಕನ್ನಡವನ್ನು ಕೊಂಕಣಿಯಿಂದ ಬೇರ್ಪಡಿಸಲು ಮೊದಲ ಪುಟವೇ ಸಾಕು.