ಹೆಂಚು ಕುಡಿದ ನೀರು

ಕಳೆದ ಏಪ್ರಿಲ್‌ನಲ್ಲಿ ಆಲೂರಿನ ಹತ್ತಿರದ ನಮ್ಮ ಮನೆಯ ಬಾವಿಯ ಹೂಳು ತೆಗೆಸಿದೆವು. ಮೇಲೆ ಬಂದದ್ದು ಮಣ್ಣಲ್ಲ, ಕೆಂಪು ಗಂಜಿ! ವಾರವಿಡೀ ಬಿಸಿಲಿಗೆ ಬಿಟ್ಟರೂ ಮೇಲೆ ಕೆನೆಗಟ್ಟಿತೇ ಹೊರತು ಒಳಗೆ ಹಾಗೆಯೇ ಇತ್ತು. "ಮಳೆ ಹಿಡಿದರೆ ಎಲ್ಲಾ ವಾಪಸ್ ಬಾವಿಗೇ ಇಳಿಯುತ್ತೆ. ನೀನು ಸೈನ್ಸ್ ಓದ್ತಿರೋದು ಯಾಕೆ?" ಎಂದರು ಉಮ್ಮ. ನಮಗೆ ಕುಡಿಯುವುದಕ್ಕೂ ಅದೊಂದೇ ಬಾವಿ.

ಮರಳಿನಿಂದ ನೀರು ತಾನೇ ಸೋರುತ್ತದೆ, ಜೇಡಿಯಿಂದ ಸೋರುವುದಿಲ್ಲ. ಜೇಡಿಯ ಕಣ 2 ಮೈಕ್ರಾನ್‌ಗಿಂತ ಚಿಕ್ಕದು, ಅಂದರೆ ಮಿಲಿಮೀಟರಿನ ಐನೂರನೇ ಒಂದು ಪಾಲಿಗಿಂತ ಕಡಿಮೆ. ಕಣ ಚಿಕ್ಕದಾದಷ್ಟೂ ಒಟ್ಟು ಮೇಲ್ಮೈ ಹೆಚ್ಚು, ನಡುವಿನ ಸಂದು ಕಿರಿದು. ಕಿರಿದಾದ ಸಂದು ನೀರನ್ನು ಬಿಗಿಯಾಗಿ ಹಿಡಿಯುತ್ತದೆ. ನಾವು ಪಾಠದಲ್ಲಿ ಓದುವ ಕೇಶಾಕರ್ಷಣೆ ಇದೇ. ಹಳೆಯ ಪಂಚೆಯಲ್ಲಿ ಕಟ್ಟಿ ನೇತುಹಾಕಿದೆ. ಕಣಗಳೇ ಬಟ್ಟೆಯ ತೂತು ಮುಚ್ಚಿದವು.

ಗಣಿಗಳದ್ದೂ ಇದೇ ಗೋಳು. ಕುದುರೆಮುಖದ ಕಬ್ಬಿಣದ ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಕಳಿಸಿ, ಅಲ್ಲಿ ಯಂತ್ರದಿಂದ ಸೋಸುತ್ತಿದ್ದರು. ಬೇಡವಾದ ನುಣ್ಣನೆಯ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ಸೇರಿತು. 2005ರ ಕೊನೆಗೆ ಗಣಿ ನಿಂತಿತು, ಹೂಳು ಅಲ್ಲೇ ಇದೆ.

ಸೋಸುವ ಬದಲು ಹೀರಿಸಬಹುದಲ್ಲ? ಪಿಂಗಾಣಿ ಮಾಡುವವರು ತೆಳು ಜೇಡಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚಿಗೆ ಸುರಿಯುತ್ತಾರೆ. ಅಚ್ಚೇ ನೀರು ಕುಡಿಯುತ್ತದೆ. ನಮ್ಮಲ್ಲಿದ್ದದ್ದು ಕೊಟ್ಟಿಗೆಯ ಹಳೆಯ ಮಂಗಳೂರು ಹೆಂಚು. ಒಣಗಿದ ಹೆಂಚಿನ ಮೇಲೆ ಒಂದು ಬೆರಳು ದಪ್ಪ, ಪ್ಲಾಸ್ಟಿಕ್ ಹಾಳೆಯ ಮೇಲೂ ಅಷ್ಟೇ ಕೆಸರು ಬಳಿದೆ. ಮರುದಿನ ಹೆಂಚಿನದ್ದು ರೊಟ್ಟಿಯಂತೆ ಎದ್ದು ಬಂತು. ಪ್ಲಾಸ್ಟಿಕ್‌ನದ್ದು ಇನ್ನೂ ಜಾರುತ್ತಿತ್ತು. ಆದರೆ ಹೆಂಚಿಗೂ ಮಿತಿಯಿದೆ. ಕೆಸರು ಗಟ್ಟಿಯಾಗುತ್ತ ಅದರ ಸಂದು ಹೆಂಚಿನ ರಂಧ್ರಕ್ಕಿಂತ ಕಿರಿದಾದಾಗ ಎಳೆದಾಟದಲ್ಲಿ ಜೇಡಿಯೇ ಗೆಲ್ಲುತ್ತದೆ. ಮಿಕ್ಕದ್ದು ಬಿಸಿಲಿನ ಪಾಲು.

ತಮ್ಮನ ಡೈಪರನ್ನೂ ಹರಿದು ನೋಡಿದೆ (ಬೈಗುಳ ಬೇರೆ). ಅದರೊಳಗಿನ ಸೋಡಿಯಂ ಪಾಲಿಅಕ್ರಿಲೇಟ್ ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಲವಣವಿರುವ ನೀರಿನಲ್ಲಿ ಅದರ ಶಕ್ತಿ ಬಹಳ ಇಳಿಯುತ್ತದೆ. ಅದಕ್ಕಿಂತ ದೊಡ್ಡ ತಲೆನೋವು, ಕೆಸರಿಗೆ ಬೆರೆಸಿದ ಮೇಲೆ ಹರಳುಗಳನ್ನು ಹೆಕ್ಕುವುದು ಹೇಗೆ? ಕಲ್ಲಿದ್ದಲಿನ ನುಣ್ಣನೆ ಪುಡಿಯ ಮೇಲೆ ಇಂಥ ಪಾಲಿಮರ್ ಪ್ರಯೋಗಿಸಿದವರು ಉಬ್ಬಿದ ಕಾಳುಗಳನ್ನು ಜರಡಿ ಹಿಡಿದು ಬೇರ್ಪಡಿಸಿದರು. ಆಮ್ಲ ಹಾಕಿದರೆ ಅವು ನೀರು ಬಿಡುತ್ತವೆ, ಮತ್ತೆ ಬಳಸಬಹುದು. ಖರ್ಚು ಮಾತ್ರ ಹೆಚ್ಚು.

ನಾವು ಹೆಂಚನ್ನೇ ನಂಬಿದೆವು. ಬಳಿಯುವುದು, ಕಿತ್ತು ತೆಗೆಯುವುದು, ಹೆಂಚು ಒಣಗಿಸುವುದು, ಮತ್ತೆ ಬಳಿಯುವುದು. ಜೂನ್‌ನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಎರಡು ಬುಟ್ಟಿಯಷ್ಟು ಕೆಸರು ಉಳಿದಿತ್ತು. ಅದನ್ನು ಬಾವಿಯಿಂದ ದೂರ, ಕಾಫಿ ಗಿಡದ ಆಚೆ ಹೊತ್ತು ಹಾಕಿದೆವು.