ಹಬ್ಬದ ಪೆಟ್ಟಿಗೆಯಲ್ಲಿ ಏನಿರಬೇಕು? ಹವಳಗಾದ ಕಬ್ಬಿನ ಹಂಗಾಮು ಮತ್ತು ವರ್ತಕರ ಕೊಡುಗೆ

ದೀಪಾವಳಿಯ ಅಂಗಡಿ ಪೂಜೆ ಮುಗಿದು ಹೊಸ ಲೆಕ್ಕದ ಪುಸ್ತಕ ತೆರೆಯುವ ಹೊತ್ತಿಗೆ ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಕಬ್ಬು ಅರೆಯುವ ಹಂಗಾಮು ಕಳೆಗಟ್ಟುತ್ತದೆ. ಇಲ್ಲಿಯ ಶ್ರೀ ರೇಣುಕಾ ಶುಗರ್ಸ್ ಕಾರ್ಖಾನೆ, ಆಳಂದ ತಾಲ್ಲೂಕಿನ ಭೂಸನೂರು ಕಾರ್ಖಾನೆ, ಜೇವರ್ಗಿ ಭಾಗದ ಉಗಾರ ಶುಗರ್ಸ್ ಘಟಕ, ಇವೆಲ್ಲಕ್ಕೂ ಕಬ್ಬು ಒದಗಿಸುವ ಭೀಮಾ ತೀರದ ಹೊಲಗಳಿಗೆ ಕಟಾವಿನ ಟೋಳಿಗಳು ಬಂದಿಳಿಯುತ್ತವೆ. ಕಲಬುರಗಿ, ವಿಜಯಪುರ ಜಿಲ್ಲೆಗಳ ತಾಂಡಾಗಳಿಂದಲೂ ಮಹಾರಾಷ್ಟ್ರದ ಮರಾಠವಾಡಾದಿಂದಲೂ ಜನ ಈ ಕೆಲಸಕ್ಕೆ ವಲಸೆ ಹೋಗುವುದು ಹಲವು ದಶಕಗಳ ವಾಡಿಕೆ. ಕಟಾವು ಮಾಡುವ ಗಂಡ-ಹೆಂಡಿರ ಜೋಡಿಗೆ ಈ ವ್ಯವಹಾರದಲ್ಲಿ ‘ಕೋಯ್ತಾ’ ಎಂದು ಹೆಸರು. ಮುಕಾದಮನು ಮುಂಗಡ ಕೊಟ್ಟು ಕರೆತರುವುದು ಇಂತಿಷ್ಟು ಕೋಯ್ತಾ ಎಂಬ ಲೆಕ್ಕದಲ್ಲಿ. ಆ ಲೆಕ್ಕದಲ್ಲಿ ಮಕ್ಕಳಿಗೆ ಸ್ಥಾನವಿಲ್ಲ; ಆದರೆ ಮಕ್ಕಳು ಬರುತ್ತಾರೆ, ಹಬ್ಬಗಳನ್ನು ಹೊಲದ ಬದಿಯ ಗುಡಿಸಲಿನಲ್ಲಿ ಕಳೆಯುತ್ತಾರೆ.

ಹಬ್ಬದ ದಿನಗಳಲ್ಲಿ ಬಡ ಮಕ್ಕಳಿಗೆ ಉಡುಗೊರೆಯ ಪೆಟ್ಟಿಗೆ ಕಟ್ಟಿಕೊಡುವ ಪರಿಪಾಠ ವರ್ತಕ ಸಂಘಗಳಲ್ಲಿಯೂ ಬೆಳೆದಿದೆ. ಗಾಂಧಿ ಜಯಂತಿಯ ವಾರದಲ್ಲಿ ನಡೆಯುವ ‘ದಾನ ಉತ್ಸವ’ 2009ರಿಂದ ಇಂತಹ ಕಾರ್ಯಗಳಿಗೆ ಒಂದು ಪಂಚಾಂಗವನ್ನೇ ಒದಗಿಸಿದೆ. ದಾನದ ಮನಸ್ಸಿಗೆ ಕೊರತೆಯಿಲ್ಲ. ಕೊರತೆಯಿರುವುದು ಪಟ್ಟಿಯಲ್ಲಿ. ದೊಡ್ಡ ಗ್ರಾಹಕರಿಗೆ ಕಳುಹಿಸುವ ಒಣಹಣ್ಣಿನ ಡಬ್ಬಿಯನ್ನು ಯಾರಿಗೆ ಏನು ಇಷ್ಟವೆಂದು ವಿಚಾರಿಸಿ ಆರಿಸುವ ವರ್ತಕನೇ ಮಕ್ಕಳ ಪೆಟ್ಟಿಗೆಗೆ ಬಂದಾಗ ಗೋದಾಮಿನಲ್ಲಿ ಉಳಿದದ್ದನ್ನು ತುಂಬುವುದುಂಟು.

ಪಡೆಯುವವನ ಪಟ್ಟಿ

ಈ ವಿಷಯದಲ್ಲಿ ಹಳೆಯದೊಂದು ನಿದರ್ಶನ ವರ್ತಕರಿಗೆ ರುಚಿಸಬಹುದು. 1914ರ ಕ್ರಿಸ್ಮಸ್‌ಗೆ ಬ್ರಿಟನ್ನಿನ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಸೈನಿಕರಿಗೆ ಹಿತ್ತಾಳೆಯ ಪುಟ್ಟ ಡಬ್ಬಿಗಳನ್ನು ಹಂಚಲಾಯಿತು. ಹೊಗೆಬತ್ತಿ ಸೇದುವವರಿಗೆ ತಂಬಾಕು ಮತ್ತು ಸಿಗರೇಟು, ಸೇದದವರಿಗೆ ಬರೆಯುವ ಸಾಮಗ್ರಿ ಮತ್ತು ಪೆಪ್ಪರಮಿಂಟು. ಫ್ರಾನ್ಸಿನ ರಣರಂಗದಲ್ಲಿದ್ದ ಸಿಖ್ ಸೈನಿಕರ ಡಬ್ಬಿಯಲ್ಲಿ ತಂಬಾಕನ್ನು ಬಿಟ್ಟು ಕಲ್ಲುಸಕ್ಕರೆ ಮತ್ತು ಮಸಾಲೆಯನ್ನು ಇಡಲಾಗಿತ್ತು. ಯಾರಿಗೆ ಯಾವುದು ಸಲ್ಲುತ್ತದೆ ಎಂಬ ವಿಚಾರ ಖರೀದಿಗೆ ಮೊದಲೇ ನಡೆದಿತ್ತು. ಪೂರೈಕೆಯ ವಿಷಯದಲ್ಲಿ ಮಾತ್ರ ಯೋಜನೆ ಎಡವಿತು: ಹಿತ್ತಾಳೆ ಸಾಕಷ್ಟು ಸಿಗಲಿಲ್ಲ, ಅಮೆರಿಕದಿಂದ ತಗಡು ತರುತ್ತಿದ್ದ ಲುಸಿಟಾನಿಯಾ ಹಡಗು 1915ರ ಮೇ ತಿಂಗಳಲ್ಲಿ ಮುಳುಗಿತು, ಅನೇಕರಿಗೆ ಡಬ್ಬಿ ತಲುಪುವಾಗ ಹಬ್ಬ ಎಂದೋ ಮುಗಿದಿತ್ತು.

ನಮ್ಮ ರಾಜ್ಯದಲ್ಲಿಯೇ ಇನ್ನೊಂದು ಉತ್ತಮ ಮಾದರಿ ಇದೆ. 2007ರಲ್ಲಿ ಆರಂಭವಾದ ‘ಮಡಿಲು’ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಂದಿರಿಗೆ 19 ವಸ್ತುಗಳ ಕಿಟ್ ನೀಡಲಾಗುತ್ತಿತ್ತು. ಸೊಳ್ಳೆ ಪರದೆ, ಜಮಖಾನ, ಕೊಬ್ಬರಿ ಎಣ್ಣೆ, ಸಾಬೂನು, ಬಾಣಂತಿಯ ಹೊಟ್ಟೆಗೆ ಕಟ್ಟುವ ಬಟ್ಟೆ, ಕೂಸಿಗೆ ರಬ್ಬರ್ ಹಾಸು. ಈ ಪಟ್ಟಿಯನ್ನು ನೋಡಿದರೆ ಮನೆಯಲ್ಲಿ ಬಾಣಂತನ ಮಾಡಿ ಬಲ್ಲ ಹೆಂಗಸು ಅದನ್ನು ಬರೆದಂತೆ ತೋರುತ್ತದೆ. ಹಬ್ಬದ ಪೆಟ್ಟಿಗೆಗೂ ಅಂತಹುದೇ ಪಟ್ಟಿ ಬೇಕು. ಅದನ್ನು ಬರೆಯಬಲ್ಲವರು ಟೋಳಿಯ ತಾಯಂದಿರು, ಊರಿನ ಶಾಲೆಯ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು.

ಅವರನ್ನು ಕೇಳಿದರೆ ಪಟ್ಟಿಯ ಮೊದಲ ಸಾಲಿನಲ್ಲಿ ಆಟಿಕೆ ಬರುವ ಸಂಭವ ಕಡಿಮೆ, ಚಪ್ಪಲಿ ಬರುವ ಸಂಭವ ಹೆಚ್ಚು. ಕಟಾವಾದ ಹೊಲದಲ್ಲಿ ಉಳಿಯುವ ಕೂಳೆ ಚೂರಿಯಂತೆ ಚುಚ್ಚುತ್ತದೆ. ಚಪ್ಪಲಿಯ ತೊಡಕೆಂದರೆ ಅಳತೆ. ವಯಸ್ಸು ಕೇಳಿ ಅಂದಾಜಿನ ಮೇಲೆ ತಂದ ಜೋಡುಗಳಲ್ಲಿ ಬಹುಪಾಲು ಕಾಲಿಗೆ ಕೂಡುವುದಿಲ್ಲ. ಪ್ರತಿ ಮಗುವಿನ ಪಾದವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಹೆಸರು ಬರೆದು ತಂದರೆ ಚಪ್ಪಲಿ ಅಂಗಡಿಯವರು ಅರ್ಧ ದಿನದಲ್ಲಿ ಜೋಡಿಸಿ ಕೊಡಬಲ್ಲರು. ಎರಡನೆಯದು ಹೊದಿಕೆ. ಮಾರ್ಗಶಿರ, ಪುಷ್ಯ ಮಾಸಗಳ ರಾತ್ರಿ ಭೀಮೆಯ ದಂಡೆಯಲ್ಲಿ ಗುಡಿಸಲು ಹಾಕಿ ಮಲಗಿದವರಿಗೆ ಚಳಿಯ ವಿವರಣೆ ಬೇಕಿಲ್ಲ. ಸೊಲ್ಲಾಪುರದ ಚಾದರಿನ ಮಾರುಕಟ್ಟೆ ಅಫಜಲಪುರಕ್ಕೆ ದೂರವಲ್ಲ, ಸಗಟು ಖರೀದಿಗೆ ಅಲ್ಲಿಯ ಮಗ್ಗದವರು ಒಗ್ಗಿದವರೇ.

ಓದು-ಬರಹದ ಸಾಮಗ್ರಿಯಲ್ಲಿ ಭಾಷೆಯ ಪ್ರಶ್ನೆ ಏಳುತ್ತದೆ. ಮನೆಯಲ್ಲಿ ಲಂಬಾಣಿ, ಊರ ಶಾಲೆಯಲ್ಲಿ ಮರಾಠಿ ಅಥವಾ ಕನ್ನಡ ಎಂಬಂತಹ ಮಕ್ಕಳಿಗೆ ಕನ್ನಡ ಕಥೆಪುಸ್ತಕವನ್ನೇ ಎಲ್ಲರಿಗೂ ಹಂಚಿದರೆ ಕೆಲವರಿಗೆ ಅದು ಚಿತ್ರದ ಪುಸ್ತಕವಷ್ಟೇ ಆಗುತ್ತದೆ. ಬಣ್ಣದ ಕಡ್ಡಿ, ಗೆರೆಯಿಲ್ಲದ ನೋಟ್‌ಬುಕ್ಕು, ಪೆನ್ಸಿಲು ಎಲ್ಲ ಭಾಷೆಗೂ ಸಲ್ಲುತ್ತವೆ. ಸರ್ಕಾರಿ ಶಾಲೆಯಲ್ಲಿ ದಾಖಲಾದ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ, ಶೂ-ಸಾಕ್ಸ್ ವಿದ್ಯಾವಿಕಾಸ ಯೋಜನೆಯಿಂದ ದೊರೆಯುತ್ತವೆ. ವರ್ಷದ ನಡುವೆ ಊರು ಬಿಟ್ಟು ಬಂದ ಮಗು ಹೊಸ ಊರಿನ ಹಾಜರಿ ಪುಸ್ತಕ ಸೇರದಿದ್ದರೆ ಇವು ತಲುಪುವ ದಾರಿಯಿಲ್ಲ. ಇಂತಹವರಿಗಾಗಿ ಟೆಂಟ್ ಶಾಲೆಗಳನ್ನು ನಡೆಸುವ ಅವಕಾಶ ಇಲಾಖೆಯಲ್ಲಿದೆ. ಪೆಟ್ಟಿಗೆ ಹಂಚಲು ಹೋದವರು ಮಕ್ಕಳ ಹೆಸರಿನ ಪಟ್ಟಿಯ ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಮುಟ್ಟಿಸಿದರೆ, ಪೆಟ್ಟಿಗೆಗಿಂತ ದೊಡ್ಡ ಉಪಕಾರವಾದೀತು.

ಪೆಟ್ಟಿಗೆಯೂ ಸರಕೇ

ಫಿನ್ಲೆಂಡಿನಲ್ಲಿ 1938ರಿಂದ ಬಾಣಂತಿಯರಿಗೆ ಸರ್ಕಾರ ಕೊಡುತ್ತಿರುವ ರಟ್ಟಿನ ಪೆಟ್ಟಿಗೆಯಲ್ಲಿ ಸಾಮಾನು ತೆಗೆದ ಮೇಲೆ ಕೂಸನ್ನು ಮಲಗಿಸಬಹುದು. ಇಲ್ಲಿಯೂ ಅದೇ ವಿಚಾರ ಮಾಡಬೇಕು. ಮೂರು ಪದರದ ರಟ್ಟಿನ ಡಬ್ಬಿಗೆ ಬಣ್ಣದ ಕಾಗದ ಸುತ್ತಿ ಕೊಟ್ಟರೆ ಛಾಯಾಚಿತ್ರಕ್ಕೆ ಚೆನ್ನ. ಇಬ್ಬನಿ ಬೀಳುವ ಹೊಲದಲ್ಲಿ ಎರಡನೆಯ ದಿನ ಅದು ಒಲೆ ಸೇರುತ್ತದೆ. ಮುಚ್ಚಳವಿರುವ ಸ್ಟೀಲಿನ ಡಬ್ಬಿ, ಚಿಲಕವಿರುವ ಸಣ್ಣ ತಗಡಿನ ಟ್ರಂಕು, ಕೊನೆಗೆ ಗಟ್ಟಿ ಕ್ಯಾನ್ವಾಸಿನ ಚೀಲವಾದರೂ ಆದೀತು. ತನ್ನದೆನ್ನುವ ಮೂಲೆಯೊಂದು ಇಲ್ಲದ ಮಗುವಿಗೆ ಚಿಲಕ ಹಾಕಬಹುದಾದ ಡಬ್ಬಿಯೇ ಅತ್ಯಂತ ಬೆಲೆಬಾಳುವ ವಸ್ತುವಾಗಬಹುದು. ಟ್ರಂಕು ಮಾಡುವ ತಗಡಿನ ಕೆಲಸದವರು ತಾಲ್ಲೂಕು ಕೇಂದ್ರಗಳಲ್ಲಿ ಇನ್ನೂ ಇದ್ದಾರೆ. ಅವರಿಗೂ ಒಂದು ತಿಂಗಳ ಕೆಲಸ ಸಿಗುತ್ತದೆ.

ತಿನಿಸಿನ ವಿಷಯದಲ್ಲಿ ಎಚ್ಚರ ಅಗತ್ಯ. ಶೇಂಗಾ ಚಿಕ್ಕಿ, ಎಳ್ಳುಂಡೆ ಮಕ್ಕಳಿಗೆ ಪ್ರಿಯ, ಆದರೆ ಸಾಬೂನಿನೊಡನೆ ಒಂದೇ ಡಬ್ಬಿಯಲ್ಲಿ ಎರಡು ದಿನ ಇದ್ದರೆ ಸಾಬೂನಿನ ವಾಸನೆ ಹೀರುತ್ತವೆ. ಆದ್ದರಿಂದ ತಿನಿಸನ್ನು ಹಂಚುವ ದಿನ ಕೈಯಲ್ಲಿಯೇ ಕೊಡುವುದು ಲೇಸು. ಆಟಿಕೆ ಇಡುವುದಾದರೆ ಐಎಸ್‌ಐ ಗುರುತು ನೋಡಬೇಕು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಅದು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ ಭೌಗೋಳಿಕ ಗುರುತು ಪಡೆದ, ಅಧಿಕೃತ ಬಳಕೆದಾರರ ಆಟಿಕೆಗಳಿಗೂ ವಿನಾಯಿತಿ ಇರುವುದರಿಂದ ಚನ್ನಪಟ್ಟಣದ ಆಟಿಕೆಗಳನ್ನು ಅಂತಹವರಿಂದ ನೇರವಾಗಿ ತರಿಸಬಹುದು. ಗುಂಡಿಯಂತಹ ಬ್ಯಾಟರಿ ಇರುವ ಆಟಿಕೆ ಬೇಡವೇ ಬೇಡ. ಗುಡಿಸಲಿನಲ್ಲಿ ದೊಡ್ಡ ಮಗುವಿನ ವಸ್ತು ಹಸುಗೂಸಿನ ಬಾಯಿಗೆ ಹೋಗಲು ತಡವಿಲ್ಲ.

ತುಂಬುವ ಕೆಲಸಕ್ಕೆ ಗೋದಾಮಿನ ಶಿಸ್ತೇ ಸಾಕು. ಉದ್ದನೆಯ ಮೇಜಿನ ಮೇಲೆ ಸಾಮಾನುಗಳನ್ನು ಸಾಲಾಗಿ ಇಟ್ಟು, ಒಬ್ಬೊಬ್ಬರು ಒಂದೊಂದೇ ವಸ್ತು ಹಾಕಿ ಡಬ್ಬಿಯನ್ನು ಮುಂದೆ ಸರಿಸಬೇಕು. ಕೊನೆಯಲ್ಲಿ ಒಂದು ಎಲೆಕ್ಟ್ರಾನಿಕ್ ತಕ್ಕಡಿ. ಸರಿಯಾಗಿ ತುಂಬಿದ ಒಂದು ಡಬ್ಬಿಯ ತೂಕವನ್ನು ಬರೆದಿಟ್ಟುಕೊಂಡರೆ ಸಾಬೂನು ಬಿಟ್ಟುಹೋದ ಡಬ್ಬಿಯನ್ನು ತಕ್ಕಡಿಯೇ ಹಿಡಿದು ಕೊಡುತ್ತದೆ. ಚಪ್ಪಲಿಯ ಅಳತೆ ಬೇರೆ ಬೇರೆಯಾದ್ದರಿಂದ ಅದನ್ನು ತೂಕ ನೋಡಿದ ಮೇಲೆ, ಹೆಸರಿನ ಚೀಟಿ ನೋಡಿ ಇಡಬೇಕು. ಎರಡರಿಂದ ನಾಲ್ಕು, ಐದರಿಂದ ಒಂಬತ್ತು, ಹತ್ತರಿಂದ ಹದಿನಾಲ್ಕು ವರ್ಷ ಎಂಬ ವಿಂಗಡಣೆ ಹೊರದೇಶಗಳಲ್ಲಿ ಬಳಕೆಯಲ್ಲಿದೆ, ಇಲ್ಲಿಗೂ ಹೊಂದುತ್ತದೆ. ನೂರು ಮಕ್ಕಳಿಗೆ ಹತ್ತು ಡಬ್ಬಿ ಹೆಚ್ಚಿಗೆ ಇರಲಿ. ಟೋಳಿಯ ಪಕ್ಕದಲ್ಲಿಯೇ ಊರಿನ ಬಡ ಮಕ್ಕಳೂ ನಿಂತು ನೋಡುತ್ತಿರುತ್ತಾರೆ; ಅವರನ್ನು ಬಿಟ್ಟು ಹಂಚಿದರೆ ಮರುದಿನ ಹೊಲದ ಮಕ್ಕಳಿಗೇ ತೊಂದರೆ.

ತೆರಿಗೆ ಮತ್ತು ಛಾಯಾಚಿತ್ರ

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲಿ ಪೆನ್ಸಿಲು, ರಬ್ಬರು, ಶಾರ್ಪನರ್, ಬಣ್ಣದ ಕಡ್ಡಿ, ನೋಟ್‌ಬುಕ್ಕುಗಳಿಗೆ ತೆರಿಗೆಯಿಲ್ಲ. ಸಾಬೂನು, ಹಲ್ಲಿನ ಪೇಸ್ಟು, ಬ್ರಷ್ಷುಗಳಿಗೆ ಶೇ. 18ರ ಬದಲು ಶೇ. 5. ಆದರೆ ಉಡುಗೊರೆಯಾಗಿ ಕೊಟ್ಟ ಸರಕಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ. ತನ್ನ ಅಂಗಡಿಯ ದಾಸ್ತಾನಿನಿಂದಲೇ ತೆಗೆದು ಕೊಟ್ಟ ವರ್ತಕನು ಮೊದಲೇ ಪಡೆದ ಕ್ರೆಡಿಟ್ಟನ್ನು ಹಿಂದಿರುಗಿಸಬೇಕು. ಲೆಕ್ಕಪತ್ರದವರು ವರ್ಷದ ಕೊನೆಗೆ ಇದನ್ನು ಹೇಳಿ ಮುಖ ಕಪ್ಪಿಡಿಸುವ ಮೊದಲು ತಿಳಿದಿರುವುದು ಒಳಿತು. ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಯ ಅಡಿಯಲ್ಲಿ ಮಾಡಿದ ಖರ್ಚಿಗೂ 2023ರ ಅಕ್ಟೋಬರ್ 1ರಿಂದ ಇದೇ ನಿಯಮ. ಆದಾಯ ತೆರಿಗೆಯಲ್ಲಿ ವಸ್ತುರೂಪದ ದಾನಕ್ಕೆ ಕಡಿತವಿಲ್ಲ, 2,000 ರೂಪಾಯಿ ಮೀರಿದ ನಗದು ದಾನಕ್ಕೂ ಇಲ್ಲ. ಕಡಿತ ಬೇಕಾದವರು ನೋಂದಾಯಿತ ಟ್ರಸ್ಟಿಗೆ ಚೆಕ್ಕಿನ ಮೂಲಕ ಹಣ ಕೊಟ್ಟು, ಖರೀದಿಯನ್ನು ಟ್ರಸ್ಟಿನ ಹೆಸರಿನಲ್ಲಿಯೇ ಮಾಡಿಸಬೇಕು.

ಛಾಯಾಚಿತ್ರದ ವಿಷಯ ಇದಕ್ಕಿಂತ ಗಂಭೀರ. ಬಾಲಮಂದಿರದ ಮಕ್ಕಳಿಗೆ ಅಥವಾ ಪಾಲನೆ-ರಕ್ಷಣೆಯ ಅಗತ್ಯವಿರುವ ಯಾವುದೇ ಮಗುವಿಗೆ ಪೆಟ್ಟಿಗೆ ಕೊಟ್ಟು, ಮುಖ ಕಾಣುವ ಚಿತ್ರವನ್ನು ಪತ್ರಿಕೆಗೆ ಕಳುಹಿಸುವುದನ್ನು ಬಾಲನ್ಯಾಯ ಕಾಯ್ದೆ, 2015ರ 74ನೆಯ ಕಲಮು ನಿಷೇಧಿಸುತ್ತದೆ. ಕಾಯ್ದೆ ಅನ್ವಯಿಸದ ಕಡೆಯೂ, ಕೊಡುವವರೆಲ್ಲರ ಮುಖ ಒಳಗೊಳ್ಳಲೆಂದು ಮಗುವನ್ನು ಬಿಸಿಲಿನಲ್ಲಿ ನಿಲ್ಲಿಸುವ ಪದ್ಧತಿ ಸಂಸ್ಥೆಗಳಿಗೆ ಶೋಭೆಯಲ್ಲ. ತುಂಬಿದ ಡಬ್ಬಿಗಳ ಸಾಲನ್ನು ಚಿತ್ರ ತೆಗೆದರೆ ವರದಿಗೆ ಸಾಕು.

ಯಾವಾಗ?

2020ರ ಅಕ್ಟೋಬರಿನಲ್ಲಿ ಭೀಮಾ ಪ್ರವಾಹ ಬಂದದ್ದು ದಸರೆಗೆ ಮುಂಚಿನ ದಿನಗಳಲ್ಲಿ. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೀರದ ಜನ ಕಾಳಜಿ ಕೇಂದ್ರಗಳನ್ನು ಸೇರಬೇಕಾಯಿತು. ಅಂತಹ ಹೊತ್ತಿನಲ್ಲಿ ಹಬ್ಬದವರೆಗೆ ಕಾಯುವುದು ಸಲ್ಲದು, ಪೆಟ್ಟಿಗೆ ಅಂದೇ ಹೊರಡಬೇಕು. ಉಳಿದ ವರ್ಷಗಳಲ್ಲಿ ದೀಪಾವಳಿಗೆ ಅವಸರಪಡುವುದರಿಂದ ಲಾಭವಿಲ್ಲ. ಟೋಳಿಗಳು ಆಗಷ್ಟೇ ಬಂದಿಳಿಯುತ್ತಿರುತ್ತವೆ, ಇಂದು ಎಣಿಸಿದ ಗುಡಿಸಲು ನಾಳೆ ಇನ್ನೊಂದು ಊರಿನಲ್ಲಿರುತ್ತದೆ. ಈ ಭಾಗಕ್ಕೆ ಎಳ್ಳ ಅಮಾವಾಸ್ಯೆ ಹೆಚ್ಚು ಒಪ್ಪುತ್ತದೆ. ಆ ಹೊತ್ತಿಗೆ ಹಂಗಾಮು ಒಂದು ಹದಕ್ಕೆ ಬಂದಿರುತ್ತದೆ, ಚಳಿ ಬಲಿತಿರುತ್ತದೆ. ಅಂದು ಊರಿಗೆ ಊರೇ ಚರಗ ಚೆಲ್ಲಲು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬರುತ್ತದೆ. ಸಜ್ಜಿ ರೊಟ್ಟಿ, ಬಜ್ಜಿ, ಕಡುಬು ಉಣ್ಣುವ ಆ ಪಂಕ್ತಿಯಲ್ಲಿಯೇ ಮಕ್ಕಳನ್ನು ಕೂರಿಸಿ ಡಬ್ಬಿ ಕೊಡಬಹುದು. ಪ್ರತ್ಯೇಕ ಸಮಾರಂಭ, ಶಾಮಿಯಾನಾ, ಹಾರ-ತುರಾಯಿಗಳ ಖರ್ಚು ಉಳಿಯುತ್ತದೆ. ಇದಕ್ಕಾಗಿ ಟ್ರಂಕು ಮತ್ತು ಚಾದರಿನ ಆರ್ಡರನ್ನು ದೀಪಾವಳಿಯ ಗದ್ದಲ ಇಳಿದೊಡನೆ ಕೊಡಬೇಕು. ಪಾದದ ಅಳತೆಯನ್ನು ಅಮಾವಾಸ್ಯೆಗೆ ಹದಿನೈದು ದಿನ ಮೊದಲು ತೆಗೆದುಕೊಳ್ಳಬೇಕು, ಅದಕ್ಕಿಂತ ಮುಂಚೆ ತೆಗೆದರೆ ಟೋಳಿ ಬದಲಾಗಿರುತ್ತದೆ.